ರೀಕಾಲ್ ಆಯ್ತಂತೆ! ಡಬ್ಬಿ ಖಾಲಿ ಮಾಡುವ ಮೊದಲು ಇದನ್ನು ಓದಿ

"ಈ ಬ್ರ್ಯಾಂಡ್ ರೀಕಾಲ್ ಆಗಿದೆಯಂತೆ, ಮನೆಯಲ್ಲಿದ್ದರೆ ಬಿಸಾಡಿ" ಅಂತ ಒಂದು ಮೆಸೇಜ್ ಬರುತ್ತದೆ. ರೀಕಾಲ್ ಅಂದರೆ ತೊಂದರೆ ಇರುವ ಪದಾರ್ಥವನ್ನು ಮಾರಾಟವಾದ ಮೇಲೆ ವಾಪಸ್ ಕರೆಸಿಕೊಳ್ಳುವುದು. ಅರ್ಧ ಗಂಟೆಯೊಳಗೆ ಅಮೆರಿಕದ ಕನ್ನಡ ಮನೆಗಳಲ್ಲಿ ಮೂರು ಥರದ ಕೆಲಸ ನಡೆಯುತ್ತದೆ. ಒಬ್ಬರು ಆ ಬ್ರ್ಯಾಂಡಿನ ಎಲ್ಲವನ್ನೂ ಕಸಕ್ಕೆ ಸುರಿಯುತ್ತಾರೆ. ಇನ್ನೊಬ್ಬರು "ನಾವು ತಂದಿದ್ದು ಬೇರೆ ಅಂಗಡಿಯಿಂದ, ಏನಾಗಲ್ಲ ಬಿಡಿ" ಎಂದು ಅದೇ ಪುಡಿ ಹಾಕಿ ಸಾಂಬಾರು ಕುದಿಸುತ್ತಾರೆ. ಮೂರನೆಯವರು ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು ನೋಡುತ್ತಾ ನಿಂತುಬಿಡುತ್ತಾರೆ. ಪ್ಯಾಕೆಟ್ ಎಂದೋ ಕಸಕ್ಕೆ ಹೋಗಿದೆ. ಒಟ್ಟಿಗೆ ತಯಾರಾದ ಯಾವ ಗುಂಪಿನದು ಅಂತ ಹೇಳುವ ಲಾಟ್ ನಂಬರ್ ಡಬ್ಬಿಯ ಮೇಲೆ ಎಲ್ಲಿಂದ ಬರಬೇಕು?

ಈ ಮೂರನ್ನೂ ನಾನೇ ಮಾಡಿದ್ದೇನೆ. ಗೆಳೆಯರು ಮತ್ತೆ ಮತ್ತೆ ಕೇಳುವುದೂ ಇವೇ ಪ್ರಶ್ನೆಗಳು. ಹಾಗಾಗಿ ಯಾವುದಾದ ಮೇಲೆ ಯಾವುದು ಅಂತ ಕ್ರಮವಾಗಿ ಬರೆದಿದ್ದೇನೆ. ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಬೇಕಾದ್ದು ಒಂದೇ: ಸಾಮಾನ್ಯವಾಗಿ ಇಡೀ ಬ್ರ್ಯಾಂಡ್ ರೀಕಾಲ್ ಆಗುವುದಿಲ್ಲ, ಅದರ ಕೆಲವು ಲಾಟ್‌ಗಳು ಆಗುತ್ತವೆ. ಕೆಳಗಿನ ಎಲ್ಲ ಹಂತಗಳೂ ಆ ಲಾಟ್ ನಂಬರನ್ನು ಹುಡುಕುವುದಕ್ಕೆ, ಸಿಗದಿದ್ದರೆ ಏನು ಮಾಡಬೇಕು ಅಂತ ತೀರ್ಮಾನಿಸುವುದಕ್ಕೆ.

ಕೈಗೆ ಸಿಗುವಂತೆ ಇಟ್ಟುಕೊಳ್ಳಿ

ಕ್ಯಾಮೆರಾ ಮತ್ತು ಟಾರ್ಚ್ ಇರುವ ಫೋನ್, ನಾಲ್ಕೈದು ಜಿಪ್‌ಲಾಕ್ ಕವರ್, ಮಾಸ್ಕಿಂಗ್ ಟೇಪ್, ಒಂದು ಮಾರ್ಕರ್, ಪಾತ್ರೆ ತೊಳೆಯುವ ಸೋಪು, ಪೇಪರ್ ಟವೆಲ್, ವಾಸನೆ ಸೇರಿಸದ ಬ್ಲೀಚ್. ಇಷ್ಟು ಸಾಕು. ಟಾರ್ಚ್ ಯಾಕೆ ಅಂದರೆ, ಫ್ರೀಜರ್ ಕವರಿನ ಅಂಚಿನಲ್ಲಿ ಒತ್ತಿರುವ ನಂಬರ್ ಓರೆಯಾಗಿ ಬೆಳಕು ಬಿಟ್ಟರೆ ಮಾತ್ರ ಓದಲು ಬರುತ್ತದೆ.

ಹಂತ 1: ಸುದ್ದಿ ನಿಜವಾ, ನೋಡಿ

ಫಾರ್ವರ್ಡ್ ಮೆಸೇಜಿನಲ್ಲಿ ತಾರೀಕು ಇರುವುದಿಲ್ಲ. ಐದು ವರ್ಷ ಹಿಂದಿನ ರೀಕಾಲ್ ಇವತ್ತಿನದು ಅಂತ ಸುತ್ತುತ್ತಿರುತ್ತದೆ. ಆದ್ದರಿಂದ ಮೊದಲು ಮೂಲ ನೋಟಿಸ್ ಹುಡುಕಿ.

ಅಮೆರಿಕದಲ್ಲಿ ಈ ಕೆಲಸ ಎರಡು ಕಡೆ ಹಂಚಿಹೋಗಿದೆ. ಕೋಳಿ, ಕುರಿ ಮುಂತಾದ ಮಾಂಸ ಮತ್ತು ಅವುಗಳಿಂದ ಮಾಡಿದ ಪದಾರ್ಥಗಳನ್ನು ನೋಡಿಕೊಳ್ಳುವುದು ಕೃಷಿ ಇಲಾಖೆ, ಅಂದರೆ ಯುಎಸ್‌ಡಿಎ. ಮಸಾಲೆ, ಬೇಳೆ, ಹಿಟ್ಟು, ಹಾಲು, ತರಕಾರಿ, ಹಣ್ಣು, ಮೀನು, ಚಿಪ್ಪಿನ ಮೊಟ್ಟೆ ಇವೆಲ್ಲ ಆಹಾರ ಮತ್ತು ಔಷಧ ಆಡಳಿತಕ್ಕೆ, ಅಂದರೆ ಎಫ್‌ಡಿಎಗೆ ಬರುತ್ತವೆ. ಇಂಡಿಯನ್ ಸ್ಟೋರಿನಿಂದ ನಾವು ತರುವುದು ಬಹುಪಾಲು ಎಫ್‌ಡಿಎ ಪಾಲಿನದು. ಎಲ್ಲಿ ನೋಡಬೇಕು ಅಂತ ಗೊಂದಲವಾದರೆ ಫುಡ್‌ಸೇಫ್ಟಿ ಡಾಟ್ ಗವ್ ತಾಣಕ್ಕೆ ಹೋಗಿ. ಎರಡೂ ಕಡೆಯ ಸುದ್ದಿ ಅಲ್ಲಿ ಸಿಗುತ್ತದೆ.

ಒಂದು ಎಚ್ಚರಿಕೆ. ಎಫ್‌ಡಿಎ ಪ್ರತಿ ರೀಕಾಲ್‌ಗೂ ಪತ್ರಿಕಾ ಪ್ರಕಟಣೆ ಹಾಕುವುದಿಲ್ಲ. ಕೆಲವು ಅದರ ಎನ್‌ಫೋರ್ಸ್‌ಮೆಂಟ್ ರಿಪೋರ್ಟಿನಲ್ಲಿ, ಅಂದರೆ ವಾರಕ್ಕೊಮ್ಮೆ ಬರುವ ರೀಕಾಲ್ ಪಟ್ಟಿಯಲ್ಲಿ ಮಾತ್ರ ಇರುತ್ತವೆ. ಮೊದಲ ಪುಟದಲ್ಲಿ ಕಾಣಲಿಲ್ಲ ಅಂತ "ಸುಳ್ಳು ಸುದ್ದಿ" ಎಂದು ಗ್ರೂಪಿನಲ್ಲಿ ಸಾರಬೇಡಿ. ಅದನ್ನೂ ಒಮ್ಮೆ ಹುಡುಕಿ.

ರೀಕಾಲ್ ಅಂತ ಹೆಸರಿಲ್ಲದ ಎಚ್ಚರಿಕೆಗಳೂ ಇರುತ್ತವೆ. 2024ರ ಮಾರ್ಚಿನಿಂದ ಎಫ್‌ಡಿಎ ಕೆಲವು ಬ್ರ್ಯಾಂಡಿನ ಚಕ್ಕೆ ಪುಡಿಯಲ್ಲಿ ಸೀಸ ಸಿಕ್ಕಿದ್ದನ್ನು ಎಚ್ಚರಿಕೆಯ ಪಟ್ಟಿಯಾಗಿ ಹೊರಡಿಸಿತು. ಆಮೇಲೆ ಆ ಪಟ್ಟಿಗೆ ಹೆಸರುಗಳು ಸೇರುತ್ತಲೇ ಬಂದವು. ಅದನ್ನೂ ರೀಕಾಲ್‌ನಷ್ಟೇ ಗಂಭೀರವಾಗಿ ತೆಗೆದುಕೊಳ್ಳಿ.

ಹಂತ 2: ನೋಟಿಸಿನ ಮಧ್ಯದ ಟೇಬಲ್ ಓದಿ

ಎಲ್ಲರೂ ಶೀರ್ಷಿಕೆ ಓದುತ್ತಾರೆ, ಫೋಟೊ ನೋಡುತ್ತಾರೆ, ಮುಗಿಸುತ್ತಾರೆ. ನಮಗೆ ಬೇಕಾದ್ದು ಇರುವುದು ಮಧ್ಯದ ಟೇಬಲ್ಲಿನಲ್ಲಿ. ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಪದಾರ್ಥದ ಪೂರ್ತಿ ಹೆಸರು, ಪ್ಯಾಕಿನ ತೂಕ, ಲಾಟ್ ನಂಬರ್, ಬೆಸ್ಟ್ ಬೈ ತಾರೀಕು. ತೂಕ ಮುಖ್ಯ. ಅದೇ ಕಂಪನಿಯ 7 ಔನ್ಸ್ ಪ್ಯಾಕೆಟ್ ರೀಕಾಲ್ ಆಗಿ, 14 ಔನ್ಸಿನದು ಆಗದೇ ಇರಬಹುದು.

ಆಮೇಲೆ ಕಾರಣ ನೋಡಿ. ಮುಂದೆ ಎಷ್ಟು ತೊಳೆಯಬೇಕು, ಡಾಕ್ಟರಿಗೆ ಫೋನ್ ಮಾಡಬೇಕಾ ಅನ್ನುವುದೆಲ್ಲ ಅದರ ಮೇಲೆ ನಿಂತಿದೆ. ಸಾಲ್ಮೊನೆಲ್ಲಾ, ಲಿಸ್ಟೀರಿಯಾ ಅಂತಿದ್ದರೆ ರೋಗಾಣು. ಸೀಸ ಅಂತಿದ್ದರೆ ವಿಷದ ಲೋಹ. ಅನ್‌ಡಿಕ್ಲೇರ್ಡ್ ಅಲರ್ಜನ್ ಅಂತಿದ್ದರೆ, ಅಲರ್ಜಿ ತರಬಲ್ಲ, ಲೇಬಲ್ಲಿನಲ್ಲಿ ಹೇಳದ ಪದಾರ್ಥ ಒಳಗೆ ಸೇರಿದೆ ಅಂತ. ಹಾಲು, ಮೊಟ್ಟೆ, ಮೀನು, ಸಿಗಡಿ ಜಾತಿ, ಗೋಡಂಬಿ ಬಾದಾಮಿ ಥರದ ಬೀಜಗಳು, ಕಡಲೆಕಾಯಿ, ಗೋಧಿ, ಸೋಯಾ, ಎಳ್ಳು ಈ ಒಂಬತ್ತನ್ನು ಲೇಬಲ್ಲಿನಲ್ಲಿ ಹೇಳಲೇಬೇಕು. ಎಳ್ಳು ಈ ಪಟ್ಟಿಗೆ ಜಾರಿಗೆ ಬಂದದ್ದು 2023ರ ಜನವರಿ 1ರಿಂದ. ಮನೆಯಲ್ಲಿ ಯಾರಿಗೂ ಅಲರ್ಜಿ ಇಲ್ಲ ಅಂದರೆ ನಿಮಗೆ ಅದರಿಂದ ಅಪಾಯವಿಲ್ಲ. ಆದರೆ ಆ ಚಕ್ಲಿಯನ್ನು ಮಕ್ಕಳ ಸ್ಕೂಲಿಗೆ, ಕನ್ನಡ ಕೂಟದ ಪಾಟ್‌ಲಕ್‌ಗೆ ಒಯ್ಯಬೇಡಿ.

ನೋಟಿಸಿನಲ್ಲಿ ಕ್ಲಾಸ್ 1, 2, 3 ಅಂತ ಅಪಾಯದ ಮಟ್ಟ ಇರಬಹುದು. 1 ಅಂದರೆ ತಿಂದವರಿಗೆ ಗಂಭೀರ ತೊಂದರೆ ಅಥವಾ ಸಾವು ಬರುವ ಸಾಧ್ಯತೆ ಇದೆ ಅಂತ. ಎಫ್‌ಡಿಎ ವಿಷಯದಲ್ಲಿ ಈ ಕ್ಲಾಸ್ ಎಷ್ಟೋ ಸಲ ವಾರಗಳ ನಂತರ ಬರುತ್ತದೆ. ಅದಕ್ಕಾಗಿ ಕಾಯುತ್ತಾ ಕೂರಬೇಡಿ.

"ವಾಲಂಟರಿ ರೀಕಾಲ್" ಅನ್ನುವ ಮಾತು ನೋಡಿ ತುಂಬ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಅಮೆರಿಕದಲ್ಲಿ ಹೆಚ್ಚುಕಡಿಮೆ ಎಲ್ಲ ರೀಕಾಲ್‌ಗಳನ್ನೂ ಕಂಪನಿಯೇ ಮಾಡುತ್ತದೆ. ಹಾಗಾಗಿ ಆ ಪದ ಅಲ್ಲಿರುತ್ತದೆ, ಅಷ್ಟೇ. ಅಪಾಯ ಎಷ್ಟು ಅಂತ ಅದು ಹೇಳುವುದಿಲ್ಲ.

ಹಂತ 3: ಪ್ಯಾಕೆಟ್ ಕೈಯಲ್ಲಿ ಹಿಡಿದು ಹೋಲಿಸಿ

ಎಲ್ಲಕ್ಕಿಂತ ಜಾಸ್ತಿ ಜನ ಎಡವುವುದು ಬಾರ್‌ಕೋಡಿನಲ್ಲಿ. ಬಾರ್‌ಕೋಡಿನ ಕೆಳಗಿನ ಯುಪಿಸಿ ನಂಬರ್ ಆ ಪದಾರ್ಥದ ಎಲ್ಲ ಲಾಟ್‌ಗಳಿಗೂ ಒಂದೇ. ಅದು ಕೂಡಿತು ಅಂದ ಮಾತ್ರಕ್ಕೆ ನಿಮ್ಮ ಪ್ಯಾಕೆಟ್ ರೀಕಾಲ್‌ಗೆ ಸೇರಿದೆ ಅಂತಲ್ಲ. ಲಾಟ್ ನಂಬರ್ ಬೇರೆ ಕಡೆ ಇರುತ್ತದೆ. ಇಂಕ್ ಚುಕ್ಕೆಗಳಲ್ಲಿ, ಕವರಿನ ಸೀಲ್ ಅಂಚಿನಲ್ಲಿ, ಡಬ್ಬದ ತಳದಲ್ಲಿ ಹುಡುಕಿ. ಎಲ್, ಲಾಟ್ ಅಥವಾ ಬ್ಯಾಚ್ ಅಂತ ಶುರುವಾಗಬಹುದು. ಕೆಲವು ಕಡೆ ಸುಮ್ನೆ ಅಂಕಿಗಳಷ್ಟೇ.

ಐದಂಕಿಯ ಲಾಟ್ ಕಂಡರೆ ಅದು ಎಷ್ಟೋ ಸಲ ತಯಾರಾದ ದಿನವೇ. ಮೊದಲ ಎರಡು ಅಂಕಿ ವರ್ಷ, ಉಳಿದ ಮೂರು ಆ ವರ್ಷದ ಎಷ್ಟನೆಯ ದಿನ ಅನ್ನುವುದು. 25060 ಅಂದರೆ 2025ರ 60ನೆಯ ದಿನ, ಮಾರ್ಚ್ 1. ಎಲ್ಲ ಕಂಪನಿಗಳೂ ಹೀಗೆ ಬರೆಯುವುದಿಲ್ಲ. ಆದರೂ ಈ ಲೆಕ್ಕ ಗೊತ್ತಿದ್ದರೆ ಬೇಗ ಅರ್ಥವಾಗುತ್ತದೆ.

ಮೊಟ್ಟೆ ರಟ್ಟಿನ ಡಬ್ಬದ ಮೇಲೂ ಹೀಗೇ. 'ಪಿ' ಅಕ್ಷರದಿಂದ ಶುರುವಾಗುವ ಪ್ಲಾಂಟ್ ನಂಬರ್ (ಮೊಟ್ಟೆ ಪ್ಯಾಕ್ ಮಾಡಿದ ಜಾಗದ ಗುರುತು), ಪಕ್ಕದಲ್ಲಿ ಮೂರಂಕಿಯ ದಿನ. 2025ರ ಜೂನಿನಲ್ಲಿ ಆಗಸ್ಟ್ ಎಗ್ ಕಂಪನಿ ಸಾಲ್ಮೊನೆಲ್ಲಾ ಕಾರಣಕ್ಕೆ ಸುಮಾರು 17 ಲಕ್ಷ ಡಜನ್ ಮೊಟ್ಟೆ ವಾಪಸ್ ಕರೆಸಿಕೊಂಡಿತು. ಅವು ಹಲವಾರು ಅಂಗಡಿಗಳ ಬೇರೆ ಬೇರೆ ಹೆಸರಿನ ಡಬ್ಬಗಳಲ್ಲಿ ಮಾರಾಟವಾಗಿದ್ದವು. ಹೆಸರು ನೋಡಿದರೆ ಏನೂ ತಿಳಿಯುತ್ತಿರಲಿಲ್ಲ, ಪ್ಲಾಂಟ್ ನಂಬರೇ ನೋಡಬೇಕಿತ್ತು. ಮೊಟ್ಟೆಗಳನ್ನು ಫ್ರಿಜ್ಜಿನ ಟ್ರೇಗೆ ಜೋಡಿಸಿ ರಟ್ಟಿನ ಡಬ್ಬ ಎಸೆದವರಿಗೆ ಆ ದಾರಿಯೂ ಇಲ್ಲ. ಮಾಂಸದ ಪ್ಯಾಕಿನಲ್ಲಾದರೆ ಯುಎಸ್‌ಡಿಎ ಮುದ್ರೆಯ ಒಳಗೆ ಅಥವಾ ಹತ್ತಿರ ಇರುವ ಎಸ್ಟಾಬ್ಲಿಷ್‌ಮೆಂಟ್ ನಂಬರ್, ಅಂದರೆ ತಯಾರಾದ ಘಟಕದ ನಂಬರ್ ನೋಡಿ.

ಹೋಲಿಸುವಾಗ ಒಬ್ಬರು ನೋಟಿಸ್ ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಪ್ಯಾಕೆಟ್ ನೋಡಲಿ. 3 ಮತ್ತು 8, 0 ಮತ್ತು 6 ಆ ಚುಕ್ಕೆ ಇಂಕಿನಲ್ಲಿ ಒಂದೇ ಥರ ಕಾಣುತ್ತವೆ.

ಹಂತ 4: ಪ್ಯಾಕೆಟ್ ಇಲ್ಲ, ಬರೀ ಡಬ್ಬಿ ಇದೆ

ನಮ್ಮ ಅಡುಗೆಮನೆಯ ನಿಜವಾದ ಕಷ್ಟ ಇರುವುದು ಇಲ್ಲೇ. ನೋಟಿಸ್ ಬರೆಯುವವರು ಪದಾರ್ಥ ಪ್ಯಾಕೆಟ್ಟಿನಲ್ಲೇ ಇದೆ ಅಂದುಕೊಂಡು ಬರೆಯುತ್ತಾರೆ. ನಾವೋ, ಅಂಗಡಿಯಿಂದ ಬಂದ ಕೂಡಲೇ ಬೇಳೆ ಡಬ್ಬಕ್ಕೆ, ಪುಡಿ ಮಸಾಲೆ ಡಬ್ಬಿಗೆ, ಹಿಟ್ಟು ಬಕೆಟ್ಟಿಗೆ ಸುರಿಯುವವರು. ಅದರಲ್ಲೂ ಹಳೆಯದು ಎರಡು ಚಮಚ ಉಳಿದಿದ್ದರೆ ಹೊಸದನ್ನು ಅದರ ಮೇಲೇ ಸುರಿಯುತ್ತೇವೆ.

ಮೊದಲು ಬಿಲ್ ಹುಡುಕಿ. ಕಾಗದದ ಬಿಲ್ ಹೋಗಿದ್ದರೆ ಬ್ಯಾಂಕ್ ಆಪಿನಲ್ಲಿ ಆ ಅಂಗಡಿಗೆ ದುಡ್ಡು ಹೋದ ದಿನ ಸಿಗುತ್ತದೆ. ಆ ದಿನವನ್ನು ನೋಟಿಸಿನಲ್ಲಿ ಹೇಳಿದ ಮಾರಾಟದ ಅವಧಿಯ ಜೊತೆ ಇಟ್ಟು ನೋಡಿ. ಅವಧಿಗಿಂತ ಮೊದಲೇ ಕೊಂಡಿದ್ದೀರಿ, ಆಮೇಲೆ ಮೇಲೆ ಏನೂ ಸುರಿದಿಲ್ಲ ಅಂತ ಖಚಿತವಿದ್ದರೆ ನಿರಾಳವಾಗಿರಿ. ಅವಧಿ ಕಳೆದ ಮೇಲೆ ಕೊಂಡದ್ದು ಅಂದರೆ ಅಷ್ಟು ನಿರಾಳ ಬೇಡ. ಕಾರಣ ಮುಂದಿನ ಹಂತದಲ್ಲಿ ಹೇಳುತ್ತೇನೆ.

ದಿನ ಗೊತ್ತಾಗಲಿಲ್ಲ, ಬ್ರ್ಯಾಂಡ್ ಮಾತ್ರ ನೆನಪಿದೆ ಅಂದರೆ ಬಿಸಾಡಿ. ಎರಡು ಲಾಟ್ ಬೆರೆತ ಡಬ್ಬಿಯೂ ಹಾಗೆಯೇ, ಪೂರ್ತಿ ಹೋಗಬೇಕು. ಐದಾರು ಡಾಲರಿನ ಪುಡಿಗಾಗಿ ಇದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳುವುದು ನನಗಂತೂ ಸರಿ ಕಾಣುವುದಿಲ್ಲ. ವಾಸನೆ ನೋಡಿ, ರುಚಿ ನೋಡಿ ತೀರ್ಮಾನಿಸುವುದಂತೂ ಬೇಡವೇ ಬೇಡ. ಸಾಲ್ಮೊನೆಲ್ಲಾಗೂ ಸೀಸಕ್ಕೂ ವಾಸನೆ ಇಲ್ಲ.

ಆಮೇಲೆ ಯಾರೂ ಯೋಚಿಸದ ಒಂದು ಕೆಲಸ. ಆ ಪುಡಿ ಇನ್ನೆಲ್ಲೆಲ್ಲಿ ಹೋಗಿದೆ ಅಂತ ನೆನಪು ಮಾಡಿಕೊಳ್ಳಿ. ಚಕ್ಕೆ ಪುಡಿ ಬಿಸಿಬೇಳೆಬಾತಿನ ಪುಡಿಗೆ ಹೋಗಿರಬಹುದು. ಖಾರದ ಪುಡಿ ಚಟ್ನಿಪುಡಿಗೆ, ಉಪ್ಪಿನಕಾಯಿಗೆ ಹೋಗಿರುತ್ತದೆ. ಅಮ್ಮ ಬಂದಾಗ ಮಾಡಿಟ್ಟ ವರ್ಷದ ಸಾರಿನ ಪುಡಿ ಎಸೆಯುವುದು ಸುಲಭವಲ್ಲ, ಗೊತ್ತು. ಆದರೆ ಮೂಲದ ಪದಾರ್ಥ ಕೆಟ್ಟಿದ್ದರೆ ಪುಡಿಯೂ ಕೆಟ್ಟಂತೆಯೇ. ಅರ್ಧ ಡಬ್ಬಿ ಗೆಳತಿಗೆ ಕೊಟ್ಟಿದ್ದರೆ ಅವರಿಗೂ ಫೋನ್ ಮಾಡಿ.

ಅಂಗಡಿಯವರೇ ದೊಡ್ಡ ಚೀಲದಿಂದ ತೂಗಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟ ಬೇಳೆ, ಬೀಜ, ಮಸಾಲೆಗಳ ಮೇಲೆ ಮೂಲ ಕಂಪನಿಯ ಲಾಟ್ ಇರದೇ ಹೋಗಬಹುದು. ಅಂಥದ್ದಕ್ಕೆ ಅಂಗಡಿಗೇ ಹೋಗಿ, ಯಾವ ಚೀಲದಿಂದ ಕಟ್ಟಿದ್ದು ಅಂತ ಕೇಳಿ. ಉತ್ತರ ತಡವರಿಸಿದರೆ ನಿಮ್ಮ ತೀರ್ಮಾನ ಸುಲಭವಾಯಿತು.

ಹಂತ 5: ಬೇರೆ ಇಡಿ, ಫೋಟೊ ತೆಗೆಯಿರಿ, ಆಮೇಲೆ ವಾಪಸ್ ಅಥವಾ ಕಸ

ಲಾಟ್ ಕೂಡಿತು ಅಂದ ಕೂಡಲೇ ಕಸದ ಬುಟ್ಟಿಗೆ ಓಡಬೇಡಿ. ಪ್ಯಾಕೆಟ್ ಬಿಚ್ಚದೆ ಜಿಪ್‌ಲಾಕ್ ಕವರಿಗೆ ಹಾಕಿ, ಮೇಲೆ ಟೇಪ್ ಅಂಟಿಸಿ "ತಿನ್ನಬೇಡಿ" ಅಂತ ಬರೆಯಿರಿ. ಮನೆಯಲ್ಲಿ ಹದಿಹರೆಯದ ಮಕ್ಕಳಿದ್ದರೆ ಅವರಿಗೆ ಅರ್ಥವಾಗುವ ಭಾಷೆಯಲ್ಲೂ ಬರೆಯಿರಿ. ಲೇಬಲ್, ಲಾಟ್, ತಾರೀಕು, ಬಿಲ್ ನಾಲ್ಕರ ಫೋಟೊ ಇರಲಿ.

ನೋಟಿಸ್ ವಾಪಸ್ ಕೊಡಿ ಅಂದರೆ ಕೊಡಿ, ಬಿಸಾಡಿ ಅಂದರೆ ಫೋಟೊ ತೋರಿಸಿ ದುಡ್ಡು ಕೇಳಿ. ಬಿಲ್ ಇಲ್ಲದಿದ್ದರೂ ಕೇಳಲು ಸಂಕೋಚ ಬೇಡ. ಅಂಗಡಿಯವರು ಒಪ್ಪದಿದ್ದರೆ ನೋಟಿಸಿನ ಕೆಳಗೆ ಕಂಪನಿಯ ಫೋನ್ ನಂಬರ್ ಇರುತ್ತದೆ. ಬಿಸಾಡುವಾಗ ಕವರ್ ಗಟ್ಟಿ ಮುಚ್ಚಿ ಹೊರಗಿನ ಡಬ್ಬಕ್ಕೆ ಹಾಕಿ. ನಾಯಿಗೆ, ಹಕ್ಕಿಗೆ, ಕಾಂಪೋಸ್ಟಿಗೆ ಬೇಡ. ದಾನವಂತೂ ಖಂಡಿತ ಬೇಡ.

"ಇನ್ನೂ ಅಂಗಡಿಯ ಶೆಲ್ಫಿನಲ್ಲೇ ಇದೆಯಲ್ಲ, ಹಾಗಾದರೆ ಸರಿ ಇರಬೇಕು" ಅನ್ನುವ ಮಾತು ನಂಬಬೇಡಿ. 2023ರ ಕೊನೆಯಲ್ಲಿ ವಾನಾಬಾನಾ ಎಂಬ ಮಕ್ಕಳ ಸೇಬು-ಚಕ್ಕೆ ಪೌಚ್‌ಗಳು ಸೀಸದ ಕಾರಣಕ್ಕೆ ರೀಕಾಲ್ ಆದವು. ಆದರೂ ಡಾಲರ್ ಟ್ರೀ ಅಂಗಡಿಗಳಲ್ಲಿ ಅವು ಡಿಸೆಂಬರಿನವರೆಗೆ ಶೆಲ್ಫಿನಲ್ಲಿ ಉಳಿದಿದ್ದವು. ಅದಕ್ಕೆ 2024ರಲ್ಲಿ ಎಫ್‌ಡಿಎ ಎಚ್ಚರಿಕೆ ಪತ್ರವನ್ನೂ ಕಳಿಸಿತು. ಕಾಸ್ಟ್‌ಕೋ ಥರದ ಅಂಗಡಿಗೆ ಸದಸ್ಯರು ಏನು ಕೊಂಡರು ಅಂತ ಗೊತ್ತಿರುತ್ತದೆ, ಅವರೇ ತಿಳಿಸುತ್ತಾರೆ. ಸದಸ್ಯತ್ವವಿಲ್ಲದ ಸಣ್ಣ ಅಂಗಡಿಗೆ ನೀವು ಯಾರು ಅಂತಲೇ ಗೊತ್ತಿಲ್ಲ. ಅಲ್ಲಿಂದ ಕರೆ ಬರುತ್ತದೆ ಅಂತ ಕಾಯಬೇಡಿ.

ಹಂತ 6: ತೊಳೆಯುವುದು

ಕಾರಣ ರೋಗಾಣು ಆಗಿದ್ದರೆ ಪದಾರ್ಥ ಹೋದರೆ ಸಾಲದು. ಡಬ್ಬಿ, ಅದರೊಳಗಿದ್ದ ಚಮಚ, ಮಿಕ್ಸಿ ಜಾರು, ಕೌಂಟರ್, ಫ್ರಿಜ್ಜಿನ ಆ ತಟ್ಟೆ ಇವನ್ನು ಬಿಸಿನೀರು ಸೋಪಿನಲ್ಲಿ ತೊಳೆಯಿರಿ. ಮಿಕ್ಸಿ ಜಾರಿನ ರಬ್ಬರ್ ವಾಷರ್ ಬಿಚ್ಚಿ ತೊಳೆಯುವುದನ್ನು ಮರೆಯುವವರೇ ಜಾಸ್ತಿ.

ಲಿಸ್ಟೀರಿಯಾ ಆದರೆ ಇನ್ನೂ ಹುಷಾರು. ಅದು ಫ್ರಿಜ್ಜಿನ ಚಳಿಯಲ್ಲೂ ಬೆಳೆಯುತ್ತದೆ, ಪಕ್ಕದ ಪದಾರ್ಥಕ್ಕೂ ಹರಡುತ್ತದೆ. ಒಂದು ಗ್ಯಾಲನ್ ನೀರಿಗೆ ಒಂದು ಟೇಬಲ್ ಚಮಚ ಬ್ಲೀಚ್ ಬೆರೆಸಿ ಫ್ರಿಜ್ಜಿನ ಒಳಭಾಗ ಒರೆಸಿ, ಒಣಗಲು ಬಿಡಿ. ಬ್ಲೀಚ್ ಜೊತೆ ವಿನೆಗರ್ ಅಥವಾ ಬೇರೆ ಕ್ಲೀನರ್ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ.

ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆ: ಚೆನ್ನಾಗಿ ಕುದಿಸಿದರೆ ಹೋಗಲ್ವಾ? 2025ರ ಜುಲೈನಲ್ಲಿ ಡೀಪ್ ಬ್ರ್ಯಾಂಡಿನ ಫ್ರೋಜನ್ ಮೊಳಕೆ ಹೆಸರುಕಾಳು ಮತ್ತು ಮೊಳಕೆ ಮಡಕೆಕಾಳು ಸಾಲ್ಮೊನೆಲ್ಲಾ ಕಾರಣಕ್ಕೆ ರೀಕಾಲ್ ಆದಾಗಲೂ ಇದೇ ಕೇಳಿದರು. 10 ರಾಜ್ಯಗಳಲ್ಲಿ 11 ಜನಕ್ಕೆ ಕಾಯಿಲೆ ಆಗಿತ್ತು. ಪೂರ್ತಿ ಬೆಂದರೆ ಸಾಲ್ಮೊನೆಲ್ಲಾ ಸಾಯುತ್ತದೆ, ನಿಜ. ಆದರೆ ನಾವು ಆ ಕಾಳನ್ನು ಏನು ಮಾಡುತ್ತೇವೆ? ಕೋಸಂಬರಿಗೆ ಹಸಿಯಾಗೇ ಹಾಕುತ್ತೇವೆ. ಉಸಲಿಗೆ ಒಗ್ಗರಣೆಯಲ್ಲಿ ಎರಡು ನಿಮಿಷ ಆಡಿಸುತ್ತೇವೆ. ಕವರ್ ಬಿಚ್ಚಿದ ಕೈಯಲ್ಲೇ ಕೊತ್ತಂಬರಿ ಹೆಚ್ಚುತ್ತೇವೆ. ಫ್ರೀಜರಿನಲ್ಲಿಟ್ಟರೆ ರೋಗಾಣು ಸಾಯುವುದಿಲ್ಲ, ಸುಮ್ಮನೆ ಮಲಗಿರುತ್ತದೆ. ಇನ್ನು ಸೀಸ, ಗಾಜಿನ ಚೂರು, ಅಲರ್ಜನ್ ಇವು ಎಷ್ಟು ಕುದಿಸಿದರೂ ಹೋಗುವುದಿಲ್ಲ.

ಹಂತ 7: ಈಗಾಗಲೇ ತಿಂದಿದ್ದರೆ

ತಿಂದವರೆಲ್ಲರಿಗೂ ಕಾಯಿಲೆ ಬರುವುದಿಲ್ಲ. ಆದರೆ ಯಾವುದನ್ನು ಎಷ್ಟು ದಿನ ಗಮನಿಸಬೇಕು ಅಂತ ಗೊತ್ತಿರಲಿ. ಸಾಲ್ಮೊನೆಲ್ಲಾ ಸಾಮಾನ್ಯವಾಗಿ 6 ಗಂಟೆಯಿಂದ 6 ದಿನದೊಳಗೆ ಭೇದಿ, ಜ್ವರ, ಹೊಟ್ಟೆನೋವಾಗಿ ಕಾಣಿಸಿಕೊಳ್ಳುತ್ತದೆ. ಲಿಸ್ಟೀರಿಯಾ ಹಾಗಲ್ಲ. ತೀವ್ರವಾದದ್ದು ಹೆಚ್ಚಾಗಿ ಎರಡು ವಾರದೊಳಗೆ ಶುರುವಾದರೂ ಹತ್ತು ವಾರದ ನಂತರವೂ ಬರಬಹುದು. ಗರ್ಭಿಣಿಯರಿಗೆ ಬರೀ ಜ್ವರ, ಮೈಕೈ ನೋವಿನಂತೆ ಬಂದು ಹೊಟ್ಟೆಯಲ್ಲಿರುವ ಮಗುವಿಗೆ ದೊಡ್ಡ ಹಾನಿ ಮಾಡುತ್ತದೆ. ಮನೆಯಲ್ಲಿ ಗರ್ಭಿಣಿ ಇದ್ದು, ರೀಕಾಲ್ ಆದದ್ದನ್ನು ತಿಂದಿದ್ದು, ಜ್ವರ ಬಂದರೆ ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ.

ತಕ್ಷಣ ಡಾಕ್ಟರ್ ಬೇಕು ಅನ್ನುವ ಗುರುತುಗಳು:

- ಭೇದಿಯಲ್ಲಿ ರಕ್ತ
- 102 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ
- ಮೂರು ದಿನವಾದರೂ ನಿಲ್ಲದ ಭೇದಿ
- ನೀರು ಕುಡಿದರೂ ವಾಂತಿ, ಮೂತ್ರ ಕಡಿಮೆ, ಎದ್ದರೆ ತಲೆಸುತ್ತು
- ಕಣ್ಣು ಎರಡೆರಡಾಗಿ ಕಾಣುವುದು, ರೆಪ್ಪೆ ಜೋಲುವುದು, ನುಂಗಲು ಕಷ್ಟವಾಗುವುದು. ಇದು ಬಾಟ್ಯುಲಿಸಂ (ನರಗಳಿಗೆ ಹೊಡೆತ ಕೊಡುವ ಆಹಾರ ವಿಷ) ಇರಬಹುದು, ಸೀದಾ 911ಕ್ಕೆ ಕರೆ ಮಾಡಿ

ಪುಟ್ಟ ಮಕ್ಕಳು, 65 ದಾಟಿದವರು ಇದ್ದರೆ ಇಷ್ಟರವರೆಗೂ ಕಾಯಬೇಡಿ.

ಡಾಕ್ಟರ ಹತ್ತಿರ "ಹೊಟ್ಟೆ ಕೆಟ್ಟಿದೆ" ಅಂತಷ್ಟೇ ಹೇಳಬೇಡಿ. ರೀಕಾಲ್ ನೋಟಿಸ್ ತೋರಿಸಿ. ಆಗ ಮಲದ ಪರೀಕ್ಷೆ ಬರೆದುಕೊಡುವ ಸಾಧ್ಯತೆ ಜಾಸ್ತಿ. ಊರಿನಿಂದ ತಂದಿಟ್ಟ ಆಂಟಿಬಯಾಟಿಕ್ ಸ್ಟ್ರಿಪ್ ಎಲ್ಲರ ಮನೆಯಲ್ಲೂ ಇರುತ್ತದೆ ಅಲ್ವಾ? ಅದನ್ನು ಮುಟ್ಟಬೇಡಿ. ಜ್ವರ ಅಥವಾ ರಕ್ತ ಇದ್ದಾಗ ಭೇದಿ ನಿಲ್ಲಿಸುವ ಮಾತ್ರೆಯನ್ನೂ ಡಾಕ್ಟರಿಗೆ ಕೇಳದೆ ನುಂಗಬೇಡಿ. ಉಳಿದ ಪದಾರ್ಥ ಬಿಸಾಡಬೇಡಿ, ಕವರಿನಲ್ಲಿ ಮುಚ್ಚಿಡಿ. ಆರೋಗ್ಯ ಇಲಾಖೆಯವರು ಕೇಳಬಹುದು.

ಸೀಸಕ್ಕೆ ಲಕ್ಷಣ ಕಾಯುವುದೇ ತಪ್ಪು. ಮಕ್ಕಳಲ್ಲಿ ಮೇಲೆ ಏನೂ ಕಾಣದೆಯೂ ಒಳಗೆ ಇರುತ್ತದೆ. ಮಗು ಆ ಪುಡಿ ಹಾಕಿದ್ದನ್ನು ಪದೇ ಪದೇ ತಿಂದಿದ್ದರೆ ರಕ್ತದಲ್ಲಿ ಸೀಸ ನೋಡುವ ಪರೀಕ್ಷೆ ಮಾಡಿಸಿ ಅಂತ ಮಕ್ಕಳ ಡಾಕ್ಟರಿಗೆ ನೀವೇ ಕೇಳಿ. ಅನುಮಾನ ಬಂದರೆ ವಿಷದ ಬಗ್ಗೆ ಸಲಹೆ ಕೊಡುವ ಪಾಯ್ಸನ್ ಕಂಟ್ರೋಲ್ ನಂಬರ್ 1-800-222-1222 ದಿನವಿಡೀ ಇರುತ್ತದೆ, ಪುಕ್ಕಟೆ.

ಊರಿನಲ್ಲಿರುವವರಿಗೆ

ಭಾರತದಲ್ಲೂ ಕ್ರಮ ಇದೇ, ಹೆಸರು ಬೇರೆ. ಇಲ್ಲಿನ ಲಾಟ್ ಅಲ್ಲಿ ಬ್ಯಾಚ್ ನಂಬರ್. ಅದರ ಜೊತೆ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ಲೈಸೆನ್ಸ್ ನಂಬರನ್ನೂ ನೋಡಿ. 2025ರ ಜನವರಿಯಲ್ಲಿ ಪತಂಜಲಿ ಫುಡ್ಸ್ ಖಾರದ ಪುಡಿ ವಾಪಸ್ ಪಡೆದದ್ದು ಒಂದೇ ಬ್ಯಾಚಿನದು, ಕೀಟನಾಶಕದ ಅಂಶ ಮಿತಿ ಮೀರಿದ್ದಕ್ಕೆ. ಬೇರೆ ಬ್ಯಾಚಿನ ಪ್ಯಾಕೆಟ್ ಆ ಆದೇಶಕ್ಕೆ ಸೇರಿರಲಿಲ್ಲ. ದೂರು ಕೊಡಲು ಫುಡ್ ಸೇಫ್ಟಿ ಕನೆಕ್ಟ್ ಆಪ್ ಇದೆ.

ಮುಂದಿನ ಸಲಕ್ಕೆ

ಡಬ್ಬಿಗೆ ಸುರಿದ ದಿನವೇ ಪ್ಯಾಕೆಟ್ಟಿನ ಲಾಟ್ ಮತ್ತು ತಾರೀಕು ಇರುವ ಮೂಲೆಯನ್ನು ಕತ್ತರಿಸಿ ಡಬ್ಬಿಯ ತಳಕ್ಕೆ ಹೊರಗಿನಿಂದ ಟೇಪಿನಲ್ಲಿ ಅಂಟಿಸಿ. ಒಳಗೆ ಹಾಕಬೇಡಿ, ಇಂಕ್ ಪುಡಿಗೆ ಹತ್ತುತ್ತದೆ. ಹಳೆಯದು ಮುಗಿಯದೆ ಹೊಸದು ಸುರಿಯಬೇಡಿ. ಮುಗಿದ ಮೇಲೆ ಡಬ್ಬಿ ತೊಳೆದು ಒಣಗಿಸುವಾಗ ಹಳೆ ಟೇಪ್ ಕಿತ್ತು ಹಾಕಿ.

ಎಫ್‌ಡಿಎ ಮತ್ತು ಯುಎಸ್‌ಡಿಎ ಎರಡೂ ಈಮೇಲ್ ಕಳಿಸುತ್ತವೆ, ಒಮ್ಮೆ ಹೆಸರು ಕೊಟ್ಟರೆ ಸಾಕು. ದಿನಕ್ಕೆ ಎರಡು ಮೂರು ಬಂದು ಕಿರಿಕಿರಿ ಆಗುತ್ತದೆ. ನಾನು ಬೇರೆ ಫೋಲ್ಡರಿಗೆ ಹೋಗುವಂತೆ ಮಾಡಿ, ಶನಿವಾರ ಇಂಡಿಯನ್ ಸ್ಟೋರಿಗೆ ಹೊರಡುವ ಮುಂಚೆ ಒಮ್ಮೆ ಕಣ್ಣಾಡಿಸುತ್ತೇನೆ. ಐದು ನಿಮಿಷದ ಕೆಲಸ.